ಪಾಚಿಯ ಡೀಸೆಲ್: ಎಣ್ಣೆಗಿಂತ ನೀರಿನ ಲೆಕ್ಕವೇ ದೊಡ್ಡದು

ಕೆರೆ ಹಸಿರುಗಟ್ಟಿದಾಗಲೆಲ್ಲ ಯಾರಾದರೊಬ್ಬರು ಅನ್ನುತ್ತಾರೆ: “ಇದರಿಂದ ಡೀಸೆಲ್ ಮಾಡಬಹುದಂತಲ್ಲ!” ಪಾಚಿಯಿಂದ ಡೀಸೆಲ್ ಬರುವುದು ಸುಳ್ಳಲ್ಲ. ಯಾವ ಪಾಚಿ, ಎಷ್ಟು ನೀರು ಎಂದು ಕೇಳಿದಾಗ ಮಾತು ತೊಡರುತ್ತದೆ.

ತಪ್ಪು ಕಲ್ಪನೆ: ಹಸಿರು ಪಾಚಿಯಲ್ಲೆಲ್ಲ ಎಣ್ಣೆ ಇದೆ.

ಸತ್ಯ: ಕೊಳಕು ಕೆರೆಯ ಮೇಲೆ ಕೆನೆಗಟ್ಟುವುದು ಎಷ್ಟೋ ಸಲ ಸಯನೋಬ್ಯಾಕ್ಟೀರಿಯಾ. ನೀಲಿಹಸಿರು ಪಾಚಿ ಎಂದು ಕರೆದರೂ ಕುಲದಲ್ಲಿ ಅದು ಬ್ಯಾಕ್ಟೀರಿಯಾ. ಅದು ಮುಖ್ಯವಾಗಿ ಗ್ಲೈಕೋಜನ್ ಕೂಡಿಡುತ್ತದೆ, ಎಣ್ಣೆಯನ್ನಲ್ಲ. ಇರುವ ಕೊಬ್ಬಿನ ಬಹುಪಾಲು ಪೊರೆಗಳಲ್ಲೇ ಸೇರಿಹೋಗಿರುತ್ತದೆ. ನಾವು ಮಾತ್ರೆಯಾಗಿ ನುಂಗುವ ಸ್ಪಿರುಲಿನಾ ಇದೇ ಬಳಗದ್ದು: ಪ್ರೋಟೀನು ಧಾರಾಳ, ಕೊಬ್ಬು ಅತ್ಯಲ್ಪ. ಡೀಸೆಲ್ಲಿಗೆ ಬೇಕಾದ ಎಣ್ಣೆ ಕೂಡಿಡುವುದು ನ್ಯಾನೊಕ್ಲೋರಾಪ್ಸಿಸ್‌ನಂಥ ನಿಜವಾದ ಸೂಕ್ಷ್ಮಪಾಚಿಗಳು.

ತಪ್ಪು ಕಲ್ಪನೆ: ಒಂದೇ ದಿನದಲ್ಲಿ ದುಪ್ಪಟ್ಟಾಗುತ್ತದೆ, ಅರ್ಧ ತೂಕ ಎಣ್ಣೆಯೇ.

ಸತ್ಯ: ಎರಡೂ ಉಂಟು, ಒಟ್ಟಿಗೆ ಇಲ್ಲ. ಸಾರಜನಕ ಸಿಗದೆ ಹಸಿದಾಗಲೇ ಪಾಚಿ ಎಣ್ಣೆ ತುಂಬಿಕೊಳ್ಳುವುದು. ಹಸಿದ ಪಾಚಿ ಬೆಳೆಯುವುದಿಲ್ಲ. ಜಾಹೀರಾತುಗಳು ಒಂದು ಪ್ರಯೋಗದ ಬೆಳವಣಿಗೆಯನ್ನು ಇನ್ನೊಂದು ಪ್ರಯೋಗದ ಎಣ್ಣೆಯಿಂದ ಗುಣಿಸುತ್ತವೆ!

ತಪ್ಪು ಕಲ್ಪನೆ: ಬೆಳೆಸಿದರಾಯಿತು, ಹಿಂಡಿದರೆ ಎಣ್ಣೆ.

ಸತ್ಯ: ಹೊಂಗೆ ಬೀಜವನ್ನು ಬಿಸಿಲಿಗೆ ಹರವಿ ಗಾಣಕ್ಕೆ ಹಾಕಬಹುದು. ಪಾಚಿಗೆ ಆ ಭಾಗ್ಯವಿಲ್ಲ. ತೆರೆದ ಕೊಳದಲ್ಲಿ ಲೀಟರಿಗೆ ಸುಮಾರು ಅರ್ಧ ಗ್ರಾಂ ಪಾಚಿ. ಒಂದು ಕಿಲೋ ಒಣ ಪುಡಿಗೆ 2,000 ಲೀಟರ್ ನೀರನ್ನು ಬೇರ್ಪಡಿಸಬೇಕು. ಕಾಲು ಭಾಗ ಎಣ್ಣೆಯೆಂದರೂ ಸಿಕ್ಕುವುದು 250 ಗ್ರಾಂ. ಸೋಸುವುದಕ್ಕೆ, ಯಂತ್ರದಲ್ಲಿ ತಿರುಗಿಸಿ ನೀರು ತೆಗೆಯುವುದಕ್ಕೆ, ಒಣಗಿಸುವುದಕ್ಕೆ, ಎಲ್ಲಕ್ಕೂ ಇಂಧನ ಬೇಕು. ಆಮೇಲೆ ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರ ಸೇರಿಸಿ ಗ್ಲಿಸರಿನ್ ಬೇರೆ ಮಾಡಿ ಡೀಸೆಲ್ ಪಡೆಯುವ ಕೆಲಸವಂತೂ ಹೊಂಗೆಯಲ್ಲಿದ್ದಂತೆಯೇ, ಹಳೆಯ ವಿದ್ಯೆ.

ತಪ್ಪು ಕಲ್ಪನೆ: ತೈಲ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ.

ಸತ್ಯ: ಎಕ್ಸಾನ್ 2009ರಲ್ಲಿ ಇದಕ್ಕೆಂದೇ 60 ಕೋಟಿ ಡಾಲರ್‌ವರೆಗಿನ ಯೋಜನೆ ಸಾರಿತ್ತು, 2023ರ ಹೊತ್ತಿಗೆ ಕೈಬಿಟ್ಟಿತು. ಅದಕ್ಕೂ ಮೊದಲು, 1978ರಿಂದ 1996ರವರೆಗೆ, ಅಮೆರಿಕ ಸರ್ಕಾರವೇ 3,000ಕ್ಕೂ ಹೆಚ್ಚು ತಳಿ ಕಲೆಹಾಕಿ, ನ್ಯೂ ಮೆಕ್ಸಿಕೋದ ರೋಸ್‌ವೆಲ್‌ನಲ್ಲಿ ಕೊಳ ತೋಡಿಸಿ ನೋಡಿತು. ಆ ಪ್ರಯತ್ನದ 1998ರ ವರದಿ ಎಲ್ಲರ ಕಣ್ಣೆದುರಿಗೇ ಇದೆ. ರಾತ್ರಿಯ ಚಳಿಗೆ ಇಳುವರಿ ಕುಸಿಯಿತು. ಆರಿಸಿ ತಂದ ತಳಿಗಳನ್ನು ಊರಿನ ಕಾಡು ಪಾಚಿ ಒತ್ತರಿಸಿತು. ಕೊನೆಗೆ ಆ ವರದಿ ಕೊಟ್ಟ ಸಲಹೆ: ಕೊಳವನ್ನು ಆ ಕಾಡು ಪಾಚಿಗೇ ಬಿಟ್ಟುಕೊಡಿ.