ಗೃಹಶ್ವಾನಕ್ಕೆ ವಿನೋದವಿದ್ಯೆ

‘ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಉದ್ಯೋಗವಿಲ್ಲದೆ ಅತ್ತಿತ್ತ ಸುಳಿದಾಡುವವರನ್ನು ಕುರಿತು ಹಾಸ್ಯಮಾಡಲು ಇದನ್ನು ಬಳಸುವುದುಂಟು. ಆದರೆ ನಾಯಿಯನ್ನೇ ಕುರಿತು ವಿಚಾರಿಸಿದರೆ ಈ ಮಾತಿನಲ್ಲಿ ಹಾಸ್ಯಕ್ಕಿಂತ ವಿಷಾದವೇ ಹೆಚ್ಚು. ಹೊಲ, ಹಟ್ಟಿ, ಕುರಿದೊಡ್ಡಿಗಳ ಕಾವಲಿಗೆ ಹುಟ್ಟಿದ ಪ್ರಾಣಿಯು ಇಂದು ಪಟ್ಟಣದ ಮೂರು ಕೋಣೆಗಳ ಮನೆಯಲ್ಲಿ ದಿನದ ಬಹುಭಾಗವನ್ನು ಕಳೆಯುತ್ತಿದೆ. ಮಲೆನಾಡಿನ ಬಿಡದ ಮಳೆಯಲ್ಲಿಯೂ ಬಯಲುಸೀಮೆಯ ಬೇಸಗೆಯ ಬಿಸಿಲಿನಲ್ಲಿಯೂ ಅದಕ್ಕೆ ಹೊರಗೆ ಸುತ್ತಾಡುವ ಅವಕಾಶವೂ ಕಡಿಮೆಯಾಗುತ್ತದೆ. ಹೀಗೆ ಕೆಲಸವಿಲ್ಲದ ನಾಯಿ ಪಾದರಕ್ಷೆಗಳನ್ನು ಕಚ್ಚುತ್ತದೆ, ಬಾಗಿಲನ್ನು ಕೆರೆಯುತ್ತದೆ, ಕಾರಣವಿಲ್ಲದೆ ಬೊಗಳುತ್ತದೆ. ಮನೆಯವರು ಇದನ್ನು ದುಷ್ಟತನವೆಂದು ಭಾವಿಸಿ ಮೊದಲು ಪೆಟ್ಟು ಕೊಡುತ್ತಾರೆ. ಬಳಿಕ ಸರಪಳಿ ಬಿಗಿಯುತ್ತಾರೆ. ಕೆಲವರು ಕಡೆಗೆ ಅದನ್ನು ದೂರದ ಬೀದಿಯಲ್ಲಿ ಬಿಟ್ಟುಬರುವುದೂ ಉಂಟು. ಪ್ರತಿದಿನ ಕೆಲವು ನಿಮಿಷ ಅದರ ಬುದ್ಧಿಗೆ ಉದ್ಯೋಗ ಕೊಟ್ಟಿದ್ದರೆ ಇವುಗಳಲ್ಲಿ ಅನೇಕ ಅನರ್ಥಗಳು ತಪ್ಪುತ್ತಿದ್ದವು. ಅಂತಹ ಉದ್ಯೋಗವನ್ನು ಮನೆಯೊಳಗೇ, ಆಟದ ರೂಪದಲ್ಲಿ ಕೊಡುವ ಬಗೆಯನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಾಯಿಯು ಉದ್ಯೋಗಶೀಲ ಪ್ರಾಣಿಯೆಂಬುದಕ್ಕೆ ನಮ್ಮ ಶಾಸನಗಳೇ ಸಾಕ್ಷಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949–50ರ ಶಾಸನವು ‘ಕಾಳಿ’ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಮನಲರನೆಂಬ ವೀರನು ತನ್ನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನಿಂದ ಬೇಡಿ ಪಡೆದದ್ದು ಈ ನಾಯಿಯನ್ನು. ಅದು ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿದಾಗ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಬಿಟ್ಟರು. ನಾಯಿ ಹಂದಿಗಳ ಕಾಳಗವನ್ನು ಆ ಕಲ್ಲಿನ ಮೇಲೆ ಕೆತ್ತಿದೆ. ಇಂತಹ ಕಾರ್ಯಕ್ಕಾಗಿ ತಲೆತಲಾಂತರದಿಂದ ಆಯ್ದು ಬೆಳೆಸಿದ ಪ್ರಾಣಿಯ ದೇಹದಲ್ಲಿ ಬಲವಿರುವಂತೆ ಬುದ್ಧಿಯಲ್ಲಿ ಚುರುಕೂ ಇರುತ್ತದೆ. ಅನ್ನವಿಟ್ಟ ಮಾತ್ರಕ್ಕೆ ಆ ಚುರುಕಿಗೆ ತೃಪ್ತಿಯಾಗದು.

ಈ ಬುದ್ಧಿಯ ವ್ಯಾಪ್ತಿಯನ್ನು ಆಧುನಿಕ ವಿಜ್ಞಾನವೂ ಪರೀಕ್ಷಿಸಿದೆ. ಅಮೆರಿಕದ ನಿವೃತ್ತ ಮನಶ್ಶಾಸ್ತ್ರ ಪ್ರಾಧ್ಯಾಪಕ ಜಾನ್ ಪಿಲ್ಲೆ ಎಂಬುವರು ತಮ್ಮ ‘ಚೇಸರ್’ ಎಂಬ ಹೆಣ್ಣುನಾಯಿಗೆ ಮೂರು ವರ್ಷಗಳಲ್ಲಿ 1022 ಆಟಿಕೆಗಳ ಹೆಸರುಗಳನ್ನು ಕಲಿಸಿದರು. ಆ ಪ್ರಯೋಗದ ವಿವರ 2011ರಲ್ಲಿ ಪ್ರಕಟವಾಯಿತು. ಎಲ್ಲ ನಾಯಿಗಳೂ ಹೀಗೆ ಕಲಿಯುತ್ತವೆಂದು ಇದರ ಅರ್ಥವಲ್ಲ. ಚೇಸರ್ ಕುರಿ ಕಾಯುವ ತಳಿಗೆ ಸೇರಿದ್ದು. ಅದರ ಗುರುವಾದರೋ ಪ್ರತಿದಿನವೂ ಗಂಟೆಗಟ್ಟಲೆ ಶ್ರಮಿಸಿದವರು. ಆದರೂ ತಾಳ್ಮೆಯಿಂದ ಕಲಿಸಿದರೆ ನಾಯಿಯ ಬುದ್ಧಿ ನಾವೆಣಿಸಿದ್ದಕ್ಕಿಂತ ದೂರ ಸಾಗಬಲ್ಲದೆಂಬುದು ಇದರಿಂದ ಸಿದ್ಧವಾಗುತ್ತದೆ.

ಇನ್ನು ಕಲಿಸುವ ಕ್ರಮ. ಉಪಾಧ್ಯಾಯ ಬಂಧುಗಳಿಗೆ ಇದು ಹೊಸದೆನಿಸಲಾರದು. ಎಡ್ವರ್ಡ್ ಥಾರ್ನ್‌ಡೈಕನ ‘ಪರಿಣಾಮ ನಿಯಮ’ವನ್ನು ಶಿಕ್ಷಕ ತರಬೇತಿ ಪಡೆದವರೆಲ್ಲರೂ ಓದಿರುತ್ತಾರೆ. ಪೆಟ್ಟಿಗೆಗಳಲ್ಲಿ ಕೂಡಿಹಾಕಿದ ಬೆಕ್ಕು ನಾಯಿಗಳು ಹೊರಬರುವ ಉಪಾಯವನ್ನು ಹೇಗೆ ಕಲಿಯುತ್ತವೆಂಬುದನ್ನು ಆತನು 1898ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದನು. ಸುಖಕರವಾದ ಫಲವನ್ನು ತಂದ ಕ್ರಿಯೆ ಮತ್ತೆ ಮತ್ತೆ ನಡೆಯುತ್ತದೆ ಎಂಬುದು ಆ ನಿಯಮದ ಸಾರ. ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞನು 1951ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಲೇಖನವೊಂದರಲ್ಲಿ ಮತ್ತೊಂದು ಸೂಕ್ಷ್ಮವನ್ನು ತಿಳಿಸಿದನು. ಸರಿಯಾದ ಕ್ರಿಯೆ ನಡೆದ ಕ್ಷಣದಲ್ಲಿಯೇ ಒಂದು ಸಣ್ಣ ಸದ್ದನ್ನು ಮಾಡಿ, ಕೂಡಲೇ ತಿನಿಸು ಕೊಟ್ಟರೆ ತನ್ನ ಯಾವ ಕ್ರಿಯೆಗೆ ಬಹುಮಾನ ಬಂದಿತೆಂಬುದು ಪ್ರಾಣಿಗೆ ಸ್ಪಷ್ಟವಾಗುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಯಂತ್ರವೇನೂ ಬೇಡ. ‘ಭೇಷ್’ ಎಂಬ ಒಂದೇ ಮಾತನ್ನು ಯಾವಾಗಲೂ ಒಂದೇ ಧ್ವನಿಯಲ್ಲಿ ಆಡಿದರೆ ಸಾಕು.

ಮೊದಲನೆಯ ಪಾಠ ಕುಳಿತುಕೊಳ್ಳುವುದು. ರೊಟ್ಟಿಯ ಸಣ್ಣ ಚೂರೊಂದನ್ನು ಬೆರಳುಗಳಲ್ಲಿ ಹಿಡಿದು ನಾಯಿಯ ಮೂಗಿನ ಬಳಿಯಿಂದ ಮೆಲ್ಲನೆ ತಲೆಯ ಮೇಲಕ್ಕೆ, ಹಿಂದಕ್ಕೆ ಸರಿಸಬೇಕು. ಮೂಗು ಮೇಲೇರಿದಂತೆ ಹಿಂಭಾಗ ತಾನಾಗಿಯೇ ನೆಲಕ್ಕೆ ತಗಲುತ್ತದೆ. ತಗಲಿದೊಡನೆ ‘ಭೇಷ್’ ಎಂದು ಚೂರನ್ನು ಕೊಡುವುದು. ಬೆನ್ನನ್ನು ಒತ್ತಿ ಕೂರಿಸಕೂಡದು. ಕ್ರಿಯೆಯು ಸಲೀಸಾಗಿ ಬರತೊಡಗಿದ ಮೇಲೆಯೇ ‘ಕೂತುಕೋ’ ಎಂಬ ಮಾತನ್ನು ಜೋಡಿಸಬೇಕು. ಅರ್ಥವಾಗದ ಮಾತನ್ನು ಮೊದಲೇ ಹತ್ತು ಬಾರಿ ಕೂಗಿದರೆ ಆ ಮಾತಿಗೆ ಬೆಲೆಯೇ ಉಳಿಯದು.

ಎರಡನೆಯದು ಕೈ ಕೊಡುವುದು. ಚೂರನ್ನು ಮುಷ್ಟಿಯಲ್ಲಿ ಮುಚ್ಚಿ ಕುಳಿತ ನಾಯಿಯ ಮುಂದೆ ಹಿಡಿಯಬೇಕು. ಅದು ಮೂಸುತ್ತದೆ, ನೆಕ್ಕುತ್ತದೆ. ಮುಷ್ಟಿ ತೆರೆಯದಿರಲಾಗಿ ಅನೇಕ ನಾಯಿಗಳು ಕಡೆಗೆ ಮುಂಗಾಲಿನಿಂದ ಕೆರೆಯುತ್ತವೆ. ಕಾಲು ತಗಲಿದ ಕ್ಷಣವೇ ಮುಷ್ಟಿ ತೆರೆಯಬೇಕು. ನಾಲ್ಕಾರು ಬಾರಿ ಹೀಗಾದ ಮೇಲೆ ಬರಿಗೈಯನ್ನು ಚಾಚಿ, ಅದು ಕಾಲಿಟ್ಟಾಗ ಇನ್ನೊಂದು ಕೈಯಿಂದ ತಿನಿಸು ಕೊಡುವುದು.

ಮೂರನೆಯದು ಅಡಗಿಸಿದ್ದನ್ನು ಹುಡುಕುವುದು. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಕೆಲವು ದಶಲಕ್ಷಗಳಷ್ಟಿದ್ದರೆ ನಾಯಿಯ ಮೂಗಿನಲ್ಲಿ ಹತ್ತು ಕೋಟಿಗೂ ಹೆಚ್ಚಿವೆ. ನಮಗೆ ಕಣ್ಣು ಹೇಗೋ ನಾಯಿಗೆ ಮೂಗು ಹಾಗೆ. ಆದುದರಿಂದ ಮೂಗಿಗೆ ಕೊಡುವ ಕೆಲಸವೇ ಅದರ ಬುದ್ಧಿಗೆ ಕೊಡುವ ಶ್ರೇಷ್ಠವಾದ ಕೆಲಸ. ಮೂರು ಲೋಟಗಳನ್ನು ಬೋರಲುಹಾಕಿ ಒಂದರ ಕೆಳಗೆ ತಿನಿಸನ್ನಿಡಬೇಕು. ಮೊದಮೊದಲು ಅದು ನೋಡುತ್ತಿರುವಾಗಲೇ ಇಡುವುದು, ಬಳಿಕ ಕಾಣದಂತೆ ಇಡುವುದು. ಸರಿಯಾದ ಲೋಟವನ್ನು ಮೂಗಿನಿಂದ ಮುಟ್ಟಿದಾಗ ಅದನ್ನು ಎತ್ತಿ ತಿನಿಸನ್ನು ಕೊಡುವುದು. ಹಳೆಯ ಪಂಚೆಯೊಂದರ ಮಡಿಕೆಗಳಲ್ಲಿ ಆಹಾರದ ಚೂರುಗಳನ್ನಿಟ್ಟು ಸುತ್ತಿಕೊಟ್ಟರೂ ಇದೇ ಪ್ರಯೋಜನ. ಆದರೆ ಬಟ್ಟೆಯನ್ನು ಹರಿದು ನುಂಗುವ ನಾಯಿಗೆ ಇದು ಸಲ್ಲದು.

ನಾಲ್ಕನೆಯದು ತುಸು ಪ್ರೌಢವಾದದ್ದು: ತನ್ನ ಆಟಿಕೆಗಳನ್ನು ತಾನೇ ಬುಟ್ಟಿಗೆ ಹಾಕುವುದು. ಇದನ್ನು ಕಡೆಯಿಂದ ಮೊದಲಿಗೆ ಕಲಿಸಬೇಕು. ಚೆಂಡನ್ನು ಕಚ್ಚಿಕೊಂಡ ನಾಯಿಯ ಬಾಯಿಯ ಕೆಳಗೆ ಬುಟ್ಟಿಯನ್ನು ಹಿಡಿದು ಮೂಗಿಗೆ ತಿನಿಸನ್ನು ತೋರಿಸಿದರೆ ಚೆಂಡು ಬುಟ್ಟಿಗೆ ಬೀಳುತ್ತದೆ. ಅದಕ್ಕೆ ಬಹುಮಾನ. ಮುಂದೆ ಬುಟ್ಟಿಯನ್ನು ಒಂದು ಹೆಜ್ಜೆ ದೂರ ಸರಿಸುವುದು, ಆಮೇಲೆ ಎರಡು ಹೆಜ್ಜೆ. ನಡುವೆ ನಾಯಿ ತಬ್ಬಿಬ್ಬಾದರೆ ಹಿಂದಿನ ಹೆಜ್ಜೆಗೆ ಮರಳಬೇಕು. ವಿದ್ಯಾರ್ಥಿಗೆ ತಿಳಿಯದಿದ್ದಾಗ ಪಾಠವನ್ನು ಇನ್ನಷ್ಟು ಚಿಕ್ಕದಾಗಿ ಒಡೆಯಬೇಕಾದವನು ಗುರುವೇ.

ಈ ಅಭ್ಯಾಸದಲ್ಲಿ ಪಾಲಿಸತಕ್ಕ ಕೆಲವು ಎಚ್ಚರಿಕೆಗಳಿವೆ. ಒಂದು ಪಾಠಕ್ಕೆ ಐದು ನಿಮಿಷ ಸಾಕು. ದಿನಕ್ಕೆ ಎರಡು ಮೂರು ಪಾಠ. ನಾಯಿಗೆ ಇನ್ನೂ ಉತ್ಸಾಹವಿರುವಾಗಲೇ ನಿಲ್ಲಿಸುವುದು ಲೇಸು. ಬಹುಮಾನದ ಚೂರು ಕಡಲೆಕಾಳಿಗಿಂತ ದೊಡ್ಡದಾಗಬೇಕಿಲ್ಲ. ಇಂತಹ ತಿನಿಸೆಲ್ಲ ಸೇರಿ ದಿನದ ಆಹಾರದ ಹತ್ತರಲ್ಲೊಂದು ಭಾಗವನ್ನು ಮೀರಬಾರದು. ರೊಟ್ಟಿ, ಬೇಯಿಸಿದ ಗಜ್ಜರಿ ಇವು ಯೋಗ್ಯ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ ಇವು ನಾಯಿಗೆ ವಿಷಸಮಾನ. ನುಣುಪಾದ ನೆಲದ ಮೇಲೆ ಜಮಖಾನವನ್ನು ಹಾಸಬೇಕು. ಮರಿಗಳನ್ನೂ ಮುದಿನಾಯಿಗಳನ್ನೂ ಹಿಂಗಾಲುಗಳ ಮೇಲೆ ನಿಲ್ಲಿಸುವುದಾಗಲಿ ಎತ್ತರಕ್ಕೆ ನೆಗೆಸುವುದಾಗಲಿ ಕೂಡದು. ಆದರೆ ಮುದಿಯಾಯಿತೆಂದು ಪಾಠವನ್ನೇ ನಿಲ್ಲಿಸಬೇಕಿಲ್ಲ. ಲೋಟದ ಆಟ ವಯಸ್ಸಾದ ನಾಯಿಗೂ ಒಗ್ಗುತ್ತದೆ. ಕಿವಿ ಕೇಳದ ನಾಯಿಗೆ ಮಾತಿನ ಬದಲು ಕೈಸನ್ನೆ ಸಾಕು. ನಾಯಿಯು ತನ್ನ ಪಾದವನ್ನು ಎಡೆಬಿಡದೆ ನೆಕ್ಕುತ್ತಿದ್ದರೆ ಬೇಸರವೇ ಕಾರಣವೆಂದು ನಿರ್ಧರಿಸದೆ ಮೊದಲು ಪಶುವೈದ್ಯರಿಗೆ ತೋರಿಸತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾಗಿ, ಕಲಿಸುವಾಗ ಪೆಟ್ಟು ಕೂಡದು. ಹೊಡೆದರೆ ನಾಯಿ ವಿದ್ಯೆಯನ್ನಲ್ಲ, ಹೊಡೆಯುವ ಕೈಯನ್ನು ನೆನಪಿಡುತ್ತದೆ. ಆ ಕೈ ಸಮೀಪಿಸಿದಾಗ ಮುದುಡುತ್ತದೆ, ಇಲ್ಲವೇ ಕಚ್ಚುತ್ತದೆ. ತಪ್ಪಿದಾಗ ಬಹುಮಾನವನ್ನು ಕೊಡದಿರುವುದೇ ಸಾಕಾದ ತಿದ್ದುಪಡಿ.

ಈ ವಿನೋದಗಳು ಹೊರಗಿನ ಸಂಚಾರಕ್ಕೆ ಬದಲಿಯಾಗಲಾರವೆಂಬುದನ್ನೂ ಹೇಳಬೇಕು. ನಮ್ಮ ಮುಧೋಳದ ನಾಯಿಯಂತಹ ಓಟದ ತಳಿಗೆ ಬಯಲಿನಲ್ಲಿ ಓಡಿದ ಹೊರತು ತೃಪ್ತಿಯಿಲ್ಲ. ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ತನ್ನ 11ನೆಯ ಪ್ರಕರಣದಲ್ಲಿ ಅಪರಾಧವೆಂದೇ ಎಣಿಸಿದೆ. ಆದುದರಿಂದ ಬೆಳಗು ಸಂಜೆಗಳಲ್ಲಿ ನಡಿಗೆ, ಮಳೆ ಬಿಸಿಲುಗಳ ಹೊತ್ತಿನಲ್ಲಿ ಮನೆಯೊಳಗಿನ ಪಾಠ, ಹೀಗೆ ಎರಡೂ ಜೊತೆಯಾಗಿ ನಡೆಯಬೇಕು.

ಈ ಪಾಠದ ಹೊಣೆಯನ್ನು ಮನೆಯ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ, ಹಿರಿಯರು ಹತ್ತಿರವಿದ್ದು ವಹಿಸಿಕೊಡುವುದು ಉಚಿತ. ಕೋಪಿಸಿಕೊಳ್ಳದೆ ಹೇಳಿದ್ದನ್ನೇ ಮತ್ತೆ ಹೇಳುವುದು, ಎದುರಿನ ಜೀವಕ್ಕೆ ಯಾವುದು ಅರ್ಥವಾಗಲಿಲ್ಲವೆಂದು ಗಮನಿಸುವುದು, ಸಣ್ಣ ಗೆಲುವಿಗೂ ಮೆಚ್ಚುಗೆ ಸೂಚಿಸುವುದು, ಇವು ಬೋಧನೆಯ ಮೊದಲ ಗುಣಗಳು. ಮೂಕಪ್ರಾಣಿಗೆ ಕಲಿಸುವ ಮಗುವಿಗೆ ಈ ಗುಣಗಳು ಪುಸ್ತಕವಿಲ್ಲದೆಯೇ ಅಭ್ಯಾಸವಾಗುತ್ತವೆ. ಮನೆಯ ನಾಯಿಗೂ ಸರಪಳಿಯ ಬದಲು ಒಂದು ಕೆಲಸ ದೊರೆಯುತ್ತದೆ.