‘ರಾಶಿ’ ಎಂಬ ಪದದ ಅರ್ಥವಿಚಾರ

ಆಕಾಶದ ತಾರಾಸಮೂಹಗಳನ್ನು ಸೂಚಿಸಲು ಕನ್ನಡದಲ್ಲಿ ನಕ್ಷತ್ರಪುಂಜ, ತಾರಾಗಣ, ನಕ್ಷತ್ರಮಂಡಲ ಮುಂತಾದ ಶಬ್ದಗಳಿವೆ. ಇವೆಲ್ಲಕ್ಕಿಂತ ಜನಜೀವನದಲ್ಲಿ ಆಳವಾಗಿ ಬೇರೂರಿರುವುದು ‘ರಾಶಿ’. ಈ ಒಂದು ಪದದಲ್ಲಿ ಮೂರು ಅರ್ಥಗಳು ಒಂದರ ಮೇಲೊಂದು ನಿಂತಿವೆ. ಅವನ್ನು ಬಿಡಿಸಿ ನೋಡದಿದ್ದರೆ ಪಂಚಾಂಗವನ್ನಾಗಲಿ ವಚನವನ್ನಾಗಲಿ ಸರಿಯಾಗಿ ಓದಿದಂತಾಗದು.

ಮೊದಲನೆಯ ಅರ್ಥ ಗುಡ್ಡೆ, ಒಟ್ಟಲು. ಋಗ್ವೇದದಲ್ಲಿ ಈ ಪದವು ಸಂಪತ್ತಿನ ಒಟ್ಟಿಲನ್ನು ಸೂಚಿಸುತ್ತದೆ. ನಮ್ಮ ರೈತನು ಕಣದಲ್ಲಿ ತೂರಿದ ಧಾನ್ಯವನ್ನು ಒಟ್ಟಿ ಪೂಜಿಸುವುದು ‘ರಾಶಿಪೂಜೆ’; ಉತ್ತರ ಕರ್ನಾಟಕದಲ್ಲಿ ಒಕ್ಕಣೆಯ ಕೆಲಸಕ್ಕೇ ‘ರಾಶಿ ಮಾಡುವುದು’ ಎನ್ನುವರು. ಶಿರಸಿಯ ಕಡೆಯ ಆಡುಮಾತಿನಲ್ಲಿ ‘ರಾಶಿ’ ಎಂದರೆ ಬಹಳ, ಹೆಚ್ಚು ಎಂದೇ ಅರ್ಥ.

ಎರಡನೆಯ ಅರ್ಥ ಸಂಖ್ಯೆ, ಪರಿಮಾಣ. ಛಾಂದೋಗ್ಯೋಪನಿಷತ್ತಿನ ಏಳನೆಯ ಅಧ್ಯಾಯದಲ್ಲಿ ನಾರದನು ಸನತ್ಕುಮಾರನಿಗೆ ತಾನು ಕಲಿತ ವಿದ್ಯೆಗಳನ್ನು ಹೇಳುವಾಗ ‘ರಾಶಿ’ಯನ್ನೂ ಹೆಸರಿಸುತ್ತಾನೆ. ಶಂಕರರ ಭಾಷ್ಯವು ಇದಕ್ಕೆ ಗಣಿತವೆಂದು ಅರ್ಥ ಹೇಳುತ್ತದೆ. ತಿಳಿದ ಮೂರು ಪರಿಮಾಣಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಲೆಕ್ಕಕ್ಕೆ ‘ತ್ರೈರಾಶಿಕ’ವೆಂಬ ಹೆಸರು ಬಂದುದೂ ಈ ಅರ್ಥದಿಂದಲೇ.

ಮೂರನೆಯದು ಆಕಾಶಕ್ಕೆ ಸಂಬಂಧಿಸಿದ್ದು, ಕಾಲದೃಷ್ಟಿಯಿಂದ ಈಚಿನದು. ವೇದಾಂಗಜ್ಯೋತಿಷದಲ್ಲಿ 27 ನಕ್ಷತ್ರಗಳ ಎಣಿಕೆಯುಂಟು, ಮೇಷಾದಿ 12 ರಾಶಿಗಳಿಲ್ಲ. ದ್ವಾದಶರಾಶಿಗಳ ಕಲ್ಪನೆ ಯವನರ ಸಂಪರ್ಕದಿಂದ ಭಾರತಕ್ಕೆ ಬಂದಿತು. 6ನೆಯ ಶತಮಾನದ ವರಾಹಮಿಹಿರನು ಬೃಹಜ್ಜಾತಕದಲ್ಲಿ ಕ್ರಿಯ, ತಾವುರಿ, ಜಿತುಮ ಮೊದಲಾದ ಗ್ರೀಕ್ ಮೂಲದ ಹೆಸರುಗಳನ್ನು ಕೊಟ್ಟಿರುವುದು ಇದಕ್ಕೆ ಸಾಕ್ಷಿ. ಕಲ್ಪನೆ ಹೊರಗಿನದಾದರೂ ಅದಕ್ಕೆ ದೊರೆತ ಶಬ್ದ ನಮ್ಮದು. ಸೂರ್ಯಸಿದ್ಧಾಂತದ ಅಳತೆಯಂತೆ 60 ಕಲೆಗಳು ಒಂದು ಭಾಗ, 30 ಭಾಗಗಳು ಒಂದು ರಾಶಿ, 12 ರಾಶಿಗಳು ಒಂದು ಭಗಣ. ಭಾಗಗಳನ್ನು ಒಟ್ಟಿದ ಒಂದು ಪರಿಮಾಣವಾಗಿ ನೋಡಿದರೆ, ಮೇಲಿನ ಎರಡು ಅರ್ಥಗಳೂ ಇಲ್ಲಿ ಬಂದು ಕೂಡುತ್ತವೆ.

ಆದುದರಿಂದ ರಾಶಿಯೆಂದರೆ ಕಣ್ಣಿಗೆ ಕಾಣುವ ತಾರೆಗಳ ಗುಂಪು ಮಾತ್ರವಲ್ಲ. ಸೂರ್ಯಪಥದ ಹನ್ನೆರಡನೆಯ ಒಂದು ಪಾಲು. ಪಾಲುಗಳು ಸಮಾನ, ಗುಂಪುಗಳು ಅಸಮಾನ. 1930ರಲ್ಲಿ ಅಂತರರಾಷ್ಟ್ರೀಯ ಖಗೋಳ ಸಂಸ್ಥೆಯು ನಿರ್ಣಯಿಸಿದ 88 ಪುಂಜಗಳ ಗಡಿಗಳಂತೆ ನೋಡಿದರೆ ಸೂರ್ಯನು ಕನ್ಯಾಪುಂಜವನ್ನು ದಾಟಲು ಸುಮಾರು 45 ದಿನಗಳು ಬೇಕು. ವೃಶ್ಚಿಕಪುಂಜಕ್ಕೆ ಒಂದು ವಾರ ಸಾಕು. ಮೈಸೂರಿನಲ್ಲಿ ಪ್ರಕಟವಾಗುವ ಒಂಟಿಕೊಪ್ಪಲು ಪಂಚಾಂಗದಲ್ಲಾಗಲಿ ಬೇರೆ ಯಾವ ಪಂಚಾಂಗದಲ್ಲಾಗಲಿ ಕಾಣುವ ರಾಶಿ ಈ ಸಮಪಾಲು. ಒಂದೊಂದರಲ್ಲಿಯೂ ಎರಡೂಕಾಲು ನಕ್ಷತ್ರಗಳು. ಕಾಣುವ ಗುಂಪಿಗೆ ‘ಪುಂಜ’ವೆಂದೂ ಅಳೆದ ಪಾಲಿಗೆ ‘ರಾಶಿ’ಯೆಂದೂ ಹೇಳುವುದು ಲೇಸು.

ಈ ವಿವೇಚನೆ ವಚನಾಭ್ಯಾಸಿಗಳಿಗೂ ಅವಶ್ಯ. ಬಸವಣ್ಣನವರ ಒಂದು ಪ್ರಸಿದ್ಧ ವಚನದಲ್ಲಿ ರಾಶಿಕೂಟ, ಚಂದ್ರಬಲ, ತಾರಾಬಲ ಎಂಬ ಪದಗಳು ಬರುತ್ತವೆ. ರಾಶಿಕೂಟವನ್ನು ತಾರೆಗಳ ಕೂಟವೆಂದು ತಿಳಿದರೆ ವಚನದ ಮರ್ಮ ತಪ್ಪುತ್ತದೆ. ರಾಶಿಕೂಟವು ವಧೂವರರ ಜನ್ಮರಾಶಿಗಳ ಹೊಂದಾಣಿಕೆಯ ಎಣಿಕೆ; ಚಂದ್ರಬಲವು ಜನ್ಮರಾಶಿಯಿಂದ ಅಂದು ಚಂದ್ರನಿರುವ ರಾಶಿಯವರೆಗಿನ ಎಣಿಕೆ; ತಾರಾಬಲವು ಜನ್ಮನಕ್ಷತ್ರದಿಂದ ದಿನನಕ್ಷತ್ರದವರೆಗಿನ ಎಣಿಕೆ. ಮೂರೂ ಲೆಕ್ಕಗಳೇ. ಶರಣರು ಬಂದು ಕೇಳಿದಾಗ ಇವೆಲ್ಲವೂ ಕೂಡಿಬಂದಿವೆಯೆಂದೇ ಹೇಳಿರೆಂದು ಬಸವಣ್ಣನವರು ಬೇಡುತ್ತಾರೆ. ನಾಳೆಗಿಂತ ಇಂದೇ ಲೇಸೆಂಬುದು ಅವರ ನಿಲುವು. ಅವರು ಆಕಾಶದ ತಾರೆಗಳನ್ನು ಅಲ್ಲಗಳೆಯುತ್ತಿಲ್ಲ. ಲೆಕ್ಕಕ್ಕೆ ಅಂಜಿ ಒಳ್ಳೆಯ ಕಾರ್ಯವನ್ನು ಮುಂದೂಡುವ ಮನಸ್ಸನ್ನು ತಿದ್ದುತ್ತಿದ್ದಾರೆ.

ಕಣದ ರಾಶಿ, ಗಣಿತದ ರಾಶಿ, ಗಗನದ ರಾಶಿ ಈ ಮೂರರಲ್ಲಿ ಯಾವುದು ಪ್ರಕೃತವೆಂದು ಸಂದರ್ಭವರಿತು ನಿರ್ಣಯಿಸುವುದೇ ಓದುಗನ ಹೊಣೆ. ಪದದ ತೂಕ ತಿಳಿದವನಿಗೆ ವಚನದ ತೂಕವೂ ತಿಳಿದೀತು.