ಕೈಯಿಂದ ಮಾಡಿದ ಪುಟ್ಟ ರೈಲು: ಮಾಡಿದವರನ್ನು ಗುರುತಿಸುವುದು ಹೇಗೆ?

ವಿಜಯಪುರ ಜಿಲ್ಲೆಯ ಇಂಡಿ ಮತ್ತು ಬಸವನ ಬಾಗೇವಾಡಿ ಸೀಮೆಯ ಮೂಲಕ ಹಾದುಹೋಗುವ ಗದಗ-ಹೋಟಗಿ ರೈಲು ಮಾರ್ಗ 1884ರಷ್ಟು ಹಳೆಯದು. ಶತಮಾನಕ್ಕೂ ಹೆಚ್ಚು ಕಾಲ ಮೀಟರ್ ಗೇಜ್ ಆಗಿದ್ದ ಈ ಮಾರ್ಗ 2000ರ ದಶಕದಲ್ಲಿ ಬ್ರಾಡ್ ಗೇಜ್ ಆಗಿ ಪರಿವರ್ತನೆಗೊಂಡಿತು. ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗೆ ರೈಲು ಬಂದೇ ಇಲ್ಲ. ಅಲ್ಲಿನ ಹಿರಿಯರು ಉಗಿಬಂಡಿಯನ್ನು ಕಂಡದ್ದು ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ ಇಲ್ಲವೆ ವಿಜಯಪುರದ ನಿಲ್ದಾಣಗಳಲ್ಲಿ.

ಆ ಸಣ್ಣ ಹಳಿಯೂ ಅದರ ಮೇಲಿನ ಉಗಿಬಂಡಿಯೂ ಈಗ ನೆನಪು ಮಾತ್ರ. ಆದ್ದರಿಂದ ಗುಜರಿ ಅಂಗಡಿಯಲ್ಲೋ, ಹಳೆಯ ಮನೆಯ ಅಟ್ಟದಲ್ಲೋ ತಗಡು, ಹಿತ್ತಾಳೆ ಅಥವಾ ಕಟ್ಟಿಗೆಯಲ್ಲಿ ಕೈಯಿಂದ ಮಾಡಿದ ಮಾದರಿ ಎಂಜಿನ್ ಸಿಕ್ಕರೆ ಅದು ಕೇವಲ ಆಟಿಕೆಯಲ್ಲ. ಅದನ್ನು ಮಾಡಿದವರು ಯಾರು, ಎಲ್ಲಿಯವರು, ಯಾವ ಕಾಲದವರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮಾರುವವರಿಗೆ ಉತ್ತರ ತಿಳಿಯದಿದ್ದರೂ ವಸ್ತುವೇ ಸಾಕಷ್ಟು ಸಾಕ್ಷ್ಯ ನುಡಿಯುತ್ತದೆ. ಓದಲು ಬರಬೇಕು, ಅಷ್ಟೆ.

ಕಾರ್ಖಾನೆಯದೋ, ಕೈಕೆಲಸವೋ?

ಬ್ರಿಟನ್ನಿನ ಹಾರ್ನ್‌ಬಿ, ಬ್ಯಾಸೆಟ್-ಲೋಕ್, ಜರ್ಮನಿಯ ಮಾರ್ಕ್ಲಿನ್ ಮುಂತಾದ ಕಂಪನಿಗಳು ತಮ್ಮ ಮಾದರಿಗಳ ಮೇಲೆ ಸಾಮಾನ್ಯವಾಗಿ ಹೆಸರು ಹಾಕುತ್ತಿದ್ದವು. ಎರಕದ ಅಚ್ಚಿನಿಂದ ಬಂದ ವಸ್ತುವಿನಲ್ಲಿ ಎರಡು ಭಾಗಗಳು ಕೂಡುವ ಗೆರೆ ಕಾಣುತ್ತದೆ. ಕೈಕೆಲಸದಲ್ಲಿ ಅದರ ಬದಲು ಅರದಿಂದ ಉಜ್ಜಿದ ಗೀರುಗಳು, ಒಳಮೈಯಲ್ಲಿ ಉಳಿದ ಬೆಸುಗೆ, ತಗಡು ಕತ್ತರಿಸುವ ಮುನ್ನ ಗೀಚಿಕೊಂಡ ಗುರುತುಗಳು, ಸಮಾನ ಅಂತರವಿಲ್ಲದ ರಿವೆಟ್‌ಗಳು ಕಾಣಸಿಗುತ್ತವೆ. ಎಷ್ಟೋ ಮಾದರಿಗಳಲ್ಲಿ ಗಾಲಿ ಮತ್ತು ಮೋಟಾರು ಕಾರ್ಖಾನೆಯದು, ಮೇಲಿನ ಮೈ ಮಾತ್ರ ಮನೆಯಲ್ಲಿ ಮಾಡಿದ್ದು. ಆದಕಾರಣ ಎರಡನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು. ಗಾಲಿಯ ಮೇಲಿನ ಕಂಪನಿಯ ಹೆಸರನ್ನು ಇಡೀ ಎಂಜಿನ್ನಿನ ಕರ್ತೃವಿನ ಹೆಸರೆಂದು ಭಾವಿಸುವುದು ಸಾಮಾನ್ಯವಾಗಿ ಆಗುವ ಪ್ರಮಾದ.

ಅಳತೆ ಹೇಳುವ ಕಥೆ

ಮೊದಲ ಸಾಧನ ಅಳತೆಪಟ್ಟಿ. ಎರಡು ಹಳಿಗಳ ನಡುವಿನ ಅಂತರ 9 ಮಿ.ಮೀ. ಇದ್ದರೆ 'ಎನ್' ಗೇಜ್, 16.5 ಮಿ.ಮೀ. ಇದ್ದರೆ 'ಎಚ್ಓ' ಅಥವಾ 'ಓಓ', 32 ಮಿ.ಮೀ. ಇದ್ದರೆ 'ಓ' ಗೇಜ್. ಎಚ್ಓ ಮಾದರಿ ನಿಜವಾದ ರೈಲಿನ 87ರಲ್ಲಿ 1 ಪಾಲು. ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ಓಓ 76ರಲ್ಲಿ 1 ಪಾಲು. ಹಳಿಯ ಅಂತರ ಒಂದೇ ಆದರೂ ಮೈಯಳತೆ ಬೇರೆ. ಹೀಗಾಗಿ ಮೈಯನ್ನು ಅಳೆದರೆ ಮಾಡಿದವರು ಬ್ರಿಟಿಷ್ ಪದ್ಧತಿಯಲ್ಲಿ ಕಲಿತವರೋ, ಯುರೋಪ್ ಅಥವಾ ಅಮೆರಿಕದ ಪದ್ಧತಿಯಲ್ಲಿ ಕಲಿತವರೋ ಎಂಬ ಸುಳಿವು ದೊರೆಯುತ್ತದೆ.

ಭಾರತದ ರೈಲುಗಳ ಮಾದರಿಗಳಲ್ಲಿ ಈ ಲೆಕ್ಕ ಇನ್ನೂ ಕುತೂಹಲಕರ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ.; ಎಚ್ಓ ಪ್ರಮಾಣದಲ್ಲಿ ಅದು ಸುಮಾರು 19.3 ಮಿ.ಮೀ. ಆಗುತ್ತದೆ. ಮೀಟರ್ ಗೇಜ್ ಸುಮಾರು 11.5 ಮಿ.ಮೀ. ಆಗುತ್ತದೆ. ಆದರೆ ಪೇಟೆಯಲ್ಲಿ ಸುಲಭವಾಗಿ ದೊರೆಯುವ ಎಚ್ಓ ಹಳಿ 16.5 ಮಿ.ಮೀ. ಮಾತ್ರ. ಭಾರತದ ಎಂಜಿನ್ 16.5ರ ಗಾಲಿಗಳ ಮೇಲಿದ್ದರೆ ಮಾಡಿದವರು ಕೊಂಡ ಭಾಗಗಳನ್ನು ಬಳಸಿರಬಹುದು. 19 ಮಿ.ಮೀ. ಗಾಲಿಗಳಿದ್ದರೆ ಗಾಲಿ, ಹಳಿ ಎರಡನ್ನೂ ತಾವೇ ರೂಪಿಸಿದ ಹಟವಾದಿ ಕುಶಲಕರ್ಮಿಯ ಕೈ ಅಲ್ಲಿದೆ ಎಂದೇ ತಿಳಿಯಬೇಕು.

ಸ್ಕ್ರೂ, ತಗಡು, ಕಟ್ಟಿಗೆ

ಹಳೆಯ ಬ್ರಿಟಿಷ್ ಮಾದರಿಗಳಲ್ಲಿ 'ಬಿ.ಎ.' ಎಂಬ ಅಳತೆಯ ಸಣ್ಣ ಸ್ಕ್ರೂಗಳಿರುತ್ತವೆ. ಯುರೋಪಿನಲ್ಲಿ ಮಿಲಿಮೀಟರ್ ಲೆಕ್ಕದವು. ಭಾರತದಲ್ಲಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದದ್ದು 1956ರ ಕಾಯ್ದೆಯ ನಂತರ, ಹಂತಹಂತವಾಗಿ. ತಗಡಿನ ಒಳಮೈಯಲ್ಲಿ ಬಿಸ್ಕತ್ತು ಅಥವಾ ಎಣ್ಣೆ ಡಬ್ಬಿಯ ಮುದ್ರಿತ ಅಕ್ಷರಗಳು ಉಳಿದಿದ್ದರೆ ಊರು, ಕಾಲ ಎರಡಕ್ಕೂ ಅದೇ ಆಧಾರ. ಪದರ ಪದರವಾಗಿ ಕಾಣುವ ಪ್ಲಾಸ್ಟಿಕ್ ಇದ್ದರೆ ತ್ರಿಡಿ ಮುದ್ರಣದ್ದು. ಅಂತಹ ಭಾಗ ಹಳೆಯದಾಗಿರಲಾರದು.

ಕಟ್ಟಿಗೆಯ ರೈಲಾದರೆ ಲೇತ್‌ನಲ್ಲಿ ಕಡೆದ ದುಂಡು ಆಕಾರ, ಅರಗಿನ ಹೊಳಪು ಚನ್ನಪಟ್ಟಣದ ಕಡೆ ಬೆರಳು ತೋರುತ್ತವೆ. ಸ್ಕೇಲ್ ಹಿಡಿದು ಕೊಯ್ದ ಚಪ್ಪಟೆ ಹಲಗೆ, ಬಾಗಿಲು ಕಿಟಕಿಗಳ ನಿಖರ ಲೆಕ್ಕ ಇದ್ದರೆ ರೈಲನ್ನು ಹತ್ತಿರದಿಂದ ಬಲ್ಲವರ ಕೆಲಸವಾಗಿರುವ ಸಂಭವ ಹೆಚ್ಚು.

ಅಕ್ಷರಗಳ ಸಾಕ್ಷ್ಯ

ಎಂಜಿನ್ ಅಥವಾ ಡಬ್ಬಿಯ ಮೇಲೆ ಬರೆದ ರೈಲ್ವೆಯ ಹೆಸರು ಕಾಲನಿರ್ಣಯಕ್ಕೆ ಬಹಳ ಉಪಯುಕ್ತ. ಈ ಭಾಗದ ಮಾರ್ಗ ಆರಂಭದಲ್ಲಿ ಸದರ್ನ್ ಮರಾಠಾ ರೈಲ್ವೆಯದು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಸೇರಿ ಎಂ.ಎಸ್.ಎಂ. ಆಯಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಲ್ಲಿ ಹುಬ್ಬಳ್ಳಿ ಕೇಂದ್ರವಾದ ನೈರುತ್ಯ ರೈಲ್ವೆ ಅಸ್ತಿತ್ವಕ್ಕೆ ಬಂದವು. ಎಂಜಿನ್ನಿನ ವರ್ಗವೂ ಹಾಗೆಯೇ: 'ವೈಪಿ', 'ವೈಜಿ' ಎಂಬವು ಮೀಟರ್ ಗೇಜ್‌ನ ಉಗಿ ಎಂಜಿನ್‌ಗಳು, 'ವೈ' ಅಕ್ಷರವೇ ಮೀಟರ್ ಗೇಜ್ ಸೂಚಕ.

ಆದರೆ ಒಂದು ಎಚ್ಚರ ಅಗತ್ಯ. ದಕ್ಷಿಣ ಮಧ್ಯ ರೈಲ್ವೆಯ ಹೆಸರಿರುವ ಮಾದರಿ 1966ಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದು. ನಿವೃತ್ತ ನೌಕರರೊಬ್ಬರು ನೆನಪಿನಿಂದ 1990ರಲ್ಲಿ ಮಾಡಿದ್ದೂ ಆಗಿರಬಹುದು. ಅಕ್ಷರಗಳು ಕೆಳಮಿತಿಯನ್ನು ಹೇಳುತ್ತವೆ, ಮೇಲ್ಮಿತಿಯನ್ನಲ್ಲ.

ಸಹಿಯಿಂದ ಶೈಲಿಗೆ

ಕರ್ತೃವನ್ನು ಗುರುತಿಸುವ ಈ ವಿದ್ಯೆ ಕನ್ನಡ ನಾಡಿಗೆ ಹೊಸದೇನಲ್ಲ. ವಿಜಯಪುರದ ಇಬ್ರಾಹಿಂ ರೋಜಾದ ಶಾಸನದಲ್ಲಿ ಮಲಿಕ್ ಸಂದಲನ ಹೆಸರಿದೆ. ಹೊಯ್ಸಳ ಶಿಲ್ಪಿ ಮಲ್ಲಿತಮ್ಮ ಸೋಮನಾಥಪುರದ ಶಿಲ್ಪಗಳ ಕೆಳಗೆ ತನ್ನ ಹೆಸರು ಕೊರೆದಿದ್ದಾನೆ. ಸಹಿ ಇರುವ ಶಿಲ್ಪದ ಲಕ್ಷಣಗಳನ್ನು ಸಹಿ ಇಲ್ಲದ ಶಿಲ್ಪದೊಡನೆ ಹೋಲಿಸಿ ವಿದ್ವಾಂಸರು ಕೈಯನ್ನು ಗುರುತಿಸುತ್ತಾರೆ. ಮಾದರಿ ರೈಲಿಗೂ ಅದೇ ವಿಧಾನ. ಕಿಟಕಿಯ ಮೂಲೆ ತಿರುಗಿಸುವ ಬಗೆ, ಬೆಸುಗೆಯ ಅಭ್ಯಾಸ, ಅಂಕಿ ಬರೆಯುವ ರೀತಿ ಇವು ಒಬ್ಬರ ಕೈಯಲ್ಲಿ ಬೇಗ ಬದಲಾಗುವುದಿಲ್ಲ. ಹೆಸರು ಸಾಮಾನ್ಯವಾಗಿ ಛಾವಣಿಯ ಒಳಬದಿ, ಕೆಳಚೌಕಟ್ಟು ಅಥವಾ ನೀರಿನ ತೊಟ್ಟಿಯ ಅಡಿಯಲ್ಲಿ ಅಡಗಿರುತ್ತದೆ.

ಹೆಸರು ಕಳೆದುಹೋಗುವ ಬಗೆ

1950ರ ದಶಕದಿಂದ ಜಪಾನಿನಲ್ಲಿ ಕೈಯಿಂದ ಬೆಸೆದ ಹಿತ್ತಾಳೆ ಎಂಜಿನ್‌ಗಳು ಅಮೆರಿಕಕ್ಕೆ ಹೋದವು. ಪೆಟ್ಟಿಗೆಯ ಮೇಲೆ ಪೆಸಿಫಿಕ್ ಫಾಸ್ಟ್ ಮೇಲ್ ಎಂಬ ಆಮದುದಾರರ ಹೆಸರಿತ್ತು; ಯುನೈಟೆಡ್, ತೆನ್ಶೋಡೊ ಎಂಬ ತಯಾರಕ ಸಂಸ್ಥೆಗಳ ಹೆಸರೂ ಉಳಿಯಿತು. ಬೆಸುಗೆ ಹಾಕಿದ ಕೈಗಳ ಹೆಸರು ಮಾತ್ರ ಉಳಿಯಲಿಲ್ಲ. ನಮ್ಮಲ್ಲಿ ಪೆಟ್ಟಿಗೆಯೂ ಇರುವುದಿಲ್ಲ. ಹಿರಿಯರು ತೀರಿಕೊಂಡ ಮೇಲೆ ಸಾಮಾನು ತೂಕಕ್ಕೆ ಹೋಗುತ್ತದೆ. ಜೊತೆಗಿದ್ದ ನಕ್ಷೆ, ಚೀಟಿ, ಫೋಟೋ ರದ್ದಿಗೆ ಹೋಗುತ್ತವೆ. ಎರಡು ಮೂರು ಕೈ ದಾಟಿದ ಮೇಲೆ ಕೇಳಿದರೆ ಹೇಳುವವರೇ ಇರುವುದಿಲ್ಲ.

ಆದುದರಿಂದ ಕೊಂಡ ದಿನವೇ ಮೊದಲ ವಿಚಾರಣೆ ನಡೆಯಬೇಕು. ಯಾವ ಊರಿನ, ಯಾವ ಮನೆಯಿಂದ ಬಂತು, ಜೊತೆಗೆ ಮತ್ತೇನಿತ್ತು ಎಂಬುದನ್ನು ದಿನಾಂಕ ಸಹಿತ ಬರೆದಿಡಬೇಕು. ಪೂರ್ಣ ಪರೀಕ್ಷೆ ಆಗುವವರೆಗೆ ಹುಳಿ ಹಚ್ಚಿ ತಿಕ್ಕುವುದು, ಹೊಸ ಬಣ್ಣ ಬಳಿಯುವುದು ಸಲ್ಲದು. ಪೆನ್ಸಿಲ್ ಬರಹ ಅಳಿಸಿದರೆ ಮರಳಿ ಬಾರದು. ಎಲ್ಲ ಬದಿಗಳ ಫೋಟೋ ತೆಗೆದು, 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯ ಅಥವಾ 1998ರಲ್ಲಿ ಆರಂಭವಾದ ಪುಣೆಯ ಜೋಶಿ ಮಿನಿಯೇಚರ್ ರೈಲ್ವೆ ಸಂಗ್ರಹಾಲಯದಂಥ ಕಡೆ ತೋರಿಸಿ ಹೋಲಿಸಬಹುದು. ನಿವೃತ್ತ ರೈಲ್ವೆ ನೌಕರರ ಸ್ಮರಣೆಯೂ ಕಡಿಮೆ ಆಧಾರವಲ್ಲ.

ಇಷ್ಟಾದರೂ ಹೆಸರು ಸಿಗದಿದ್ದರೆ 'ಕರ್ತೃ ಅಜ್ಞಾತ' ಎಂದು ಬರೆಯುವುದೇ ಪ್ರಾಮಾಣಿಕತೆ. ಊಹೆಯಿಂದ ಅಂಟಿಸಿದ ಹೆಸರು ಬೆಲೆಯನ್ನು ಏರಿಸೀತು, ಆದರೆ ನಿಜವಾಗಿ ದುಡಿದವರನ್ನು ಎರಡನೆಯ ಬಾರಿ ಮರೆಸುತ್ತದೆ. ಇಂದು ಇಂತಹ ಮಾದರಿ ಮಾಡುತ್ತಿರುವವರು ಅಡಿಯಲ್ಲಿ ಹೆಸರು, ಊರು, ಇಸವಿ ಕೊರೆದಿಟ್ಟರೆ ಮುಂದಿನವರಿಗೆ ಈ ಹುಡುಕಾಟವೇ ಬೇಕಾಗುವುದಿಲ್ಲ.